ಒಂದೇ ಪೆಡಲ್ ಕೊಳ್ಳುವಷ್ಟು ದುಡ್ಡಿರುವ ಬೇಸ್ ಗಿಟಾರ್ ವಾದಕರಿಗೆ

ಕಾಲೇಜು ಬ್ಯಾಂಡುಗಳಲ್ಲಿ, ಆರ್ಕೆಸ್ಟ್ರಾಗಳಲ್ಲಿ ಬೇಸ್ ನುಡಿಸುತ್ತಿರುವ ತಮ್ಮಂದಿರೇ, ತಂಗಿಯರೇ,

ಗಣೇಶನ ಸೀಸನ್ ಮುಗಿದು, ರಾಜ್ಯೋತ್ಸವದ ರಸಮಂಜರಿಗಳೂ ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ ಕೂಡಲೇ ನಿಮ್ಮಲ್ಲಿ ಯಾರಾದರೂ ಕೇಳಿಯೇ ಕೇಳುತ್ತೀರಿ: "ಅಣ್ಣಾ, ಆಕ್ಟೇವ್ ತಗೊಳ್ಳಲಾ, ಎನ್ವಲಪ್ ಫಿಲ್ಟರ್ ತಗೊಳ್ಳಲಾ?" ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಎಲ್ಲರನ್ನೂ ಎದುರಿಗೆ ಕೂರಿಸಿಕೊಂಡಂತೆ ಬರೆದುಬಿಡುವುದು ವಾಸಿ ಎನ್ನಿಸಿತು. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ, ಜಗಳ ಆಮೇಲೆ ಆಡೋಣ. ನಿಮ್ಮ ತಂಡದಲ್ಲಿ ಕೀಬೋರ್ಡ್ ಇದ್ದು ಆ ಪುಣ್ಯಾತ್ಮರ ಎಡಗೈ ಸುಮ್ಮನಿರದಿದ್ದರೆ ಫಿಲ್ಟರ್ ಕೊಳ್ಳಿ. ಒಂದು ಗಿಟಾರು, ಒಂದು ಡ್ರಮ್ಸು, ನೀವು, ಇಷ್ಟೇ ತಂಡವಾದರೆ ಆಕ್ಟೇವ್ ಕೊಳ್ಳಿ.

ತಂಡದಲ್ಲಿ ಬೇರೆ ಯಾರಿದ್ದಾರೆ ಎಂದು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ. ನೀವು ರಾತ್ರಿಯೆಲ್ಲ ನೋಡುವ ಡೆಮೊ ವಿಡಿಯೊಗಳಲ್ಲಂತೂ ಆ ಮಾತೇ ಬರುವುದಿಲ್ಲ. ಅಲ್ಲಿ ಒಬ್ಬನೇ ಕುಳಿತು ನುಡಿಸುತ್ತಾನೆ. ಸುತ್ತ ಯಾವ ಸದ್ದೂ ಇಲ್ಲ. ಖಾಲಿ ಕೋಣೆಯಲ್ಲಿ ಎರಡು ಪೆಡಲೂ ಭರ್ಜರಿಯಾಗಿಯೇ ಕೇಳುತ್ತವೆ. ನಿಮ್ಮ ವೇದಿಕೆ ಖಾಲಿ ಕೋಣೆಯಲ್ಲ. ಅಲ್ಲಿ ಆಕ್ಟೋಪ್ಯಾಡ್ ಇದೆ, ಡೋಲಕ್ ಇದೆ, ಎರಡು ಕೀಬೋರ್ಡ್ ಇವೆ, ಯಾರೋ ಕಾರ್ಡ್‌ಗಳನ್ನು ಎರಡೂ ಕೈಯಲ್ಲಿ ತುಂಬುತ್ತಿದ್ದಾರೆ. ಪೆಡಲ್ ಯಾವುದು ಎನ್ನುವ ಪ್ರಶ್ನೆ ಅಲ್ಲಿಂದ ಶುರುವಾಗಬೇಕು.

ಮೊದಲು ಆಕ್ಟೇವ್ ಏನು ಮಾಡುತ್ತದೆ ನೋಡಿ. ಹಳೆಯ ಅನಲಾಗ್ ಆಕ್ಟೇವ್ ಪೆಡಲ್‌ಗೆ ಗೊತ್ತಿರುವುದು ಎಣಿಸುವುದು ಮಾತ್ರ. ತಂತಿಯ ಕಂಪನವನ್ನು ಅದು ಚೌಕಾಕಾರದ ಅಲೆಯಾಗಿ ಕತ್ತರಿಸಿ, ಫ್ಲಿಪ್-ಫ್ಲಾಪ್ ಎನ್ನುವ ಸರ್ಕ್ಯೂಟಿಗೆ ಕೊಡುತ್ತದೆ. ಎರಡು ಅಲೆ ಬಂದರೆ ಈ ಸರ್ಕ್ಯೂಟ್ ಒಂದನ್ನು ಮಾತ್ರ ಹೊರಗೆ ಬಿಡುತ್ತದೆ. ಕಂಪನ ಅರ್ಧವಾಯಿತು, ಸ್ವರ ಒಂದು ಸ್ಥಾಯಿ ಕೆಳಗಿಳಿಯಿತು. ಮತ್ತೊಮ್ಮೆ ಅರ್ಧ ಮಾಡಿದರೆ ಇನ್ನೊಂದು ಸ್ಥಾಯಿ ಕೆಳಗೆ. 1982ರಲ್ಲಿ ಬಂದ ಬಾಸ್ ಕಂಪನಿಯ ಓಸಿ-2ರಲ್ಲಿ ಇರುವುದು ಮೂರೇ ನಾಬ್: ಒಂದು ಸ್ಥಾಯಿ ಕೆಳಗಿನ ಸದ್ದು ಎಷ್ಟು, ಎರಡು ಸ್ಥಾಯಿ ಕೆಳಗಿನದು ಎಷ್ಟು, ನಿಮ್ಮ ಸ್ವಂತ ಸದ್ದು ಎಷ್ಟು. ಇಷ್ಟು ವರ್ಷವಾದರೂ ಬೇಸ್ ನುಡಿಸುವವರು ಅದನ್ನು ಹುಡುಕಿಕೊಂಡು ಹೋಗುವುದು ಬಿಟ್ಟಿಲ್ಲ.

ಎಣಿಸುವ ಯಂತ್ರಕ್ಕೆ ಎಣಿಸಲು ಒಂದೇ ಸ್ವರ ಬೇಕು. ಎರಡು ತಂತಿ ಒಟ್ಟಿಗೆ ಮೀಟಿದಿರೋ, ಅಥವಾ ಬಿಟ್ಟ ತಂತಿಯೊಂದು ಹಿಂದಿನಿಂದ ಗುಂಯ್‌ಗುಡುತ್ತಿತ್ತೋ, ಲೆಕ್ಕ ತಪ್ಪಿ ಅದು ಗೊರಗೊರ ಎನ್ನುತ್ತದೆ. ಹಾಗಾಗಿ ಆಕ್ಟೇವ್ ಹಾಕಿ ನುಡಿಸುವವರು ಎರಡೂ ಕೈಯಿಂದ ತಂತಿಗಳನ್ನು ಅದುಮಿಡಲು ಕಲಿಯಲೇಬೇಕು. ಗಿಟಾರಿನ ಟೋನ್ ನಾಬ್ ತಗ್ಗಿಸಿ, ಕತ್ತಿನ ಕಡೆಯ ಪಿಕಪ್ ಇಟ್ಟುಕೊಂಡರೆ ಅದಕ್ಕೆ ಮೂಲಸ್ವರ ಸ್ವಚ್ಛವಾಗಿ ಸಿಗುತ್ತದೆ. ಹಳೆಯ, ಹೊಳಪು ಸತ್ತ ತಂತಿಯಾದರೂ ಅದಕ್ಕೆ ಬೇಸರವಿಲ್ಲ.

ಇನ್ನೊಂದು ಲೆಕ್ಕ ನಿಮ್ಮದೇ ಪಾಲಿಗೆ ಬರುತ್ತದೆ. ಬೇಸ್‌ನ ಇ ತಂತಿ ಬಿಟ್ಟು ಮೀಟಿದರೆ ಸುಮಾರು 41 ಹರ್ಟ್ಜ್. ಅದರ ಕೆಳಗಿನ ಸ್ಥಾಯಿ 20.6. ಮನುಷ್ಯನ ಕಿವಿ ಸುಮಾರು 20ರ ಆಸುಪಾಸಿನಲ್ಲಿ ಕೈಚೆಲ್ಲುತ್ತದೆ, ಪೆಂಡಾಲಿನ ಸಣ್ಣ ಸೆಟ್ಟಿನ ಸಬ್‌ಗಳು ಅದಕ್ಕೂ ಬಹಳ ಮೊದಲೇ, 40ರ ಸುತ್ತಲೇ, ಸೋತಿರುತ್ತವೆ. ಅಂದರೆ ನೀವು ಕಷ್ಟಪಟ್ಟು ತೆಗೆದ ಆ ಪಾತಾಳದ ಸ್ವರ ಯಾರ ಕಿವಿಗೂ ಬೀಳುವುದಿಲ್ಲ. ಆಂಪಿನ ಶಕ್ತಿ ತಿಂದು, ಕೋನುಗಳನ್ನು ಸುಮ್ಮನೆ ಹಿಂದೆ ಮುಂದೆ ಆಡಿಸಿ ಮುಗಿಯುತ್ತದೆ. ಐದು ತಂತಿಯ ಬೇಸ್ ಇದ್ದು ಬಿ ತಂತಿಯ ಮೇಲೆ ಆಕ್ಟೇವ್ ಹಾಕುವವರು 15 ಹರ್ಟ್ಜ್ ಹುಟ್ಟಿಸುತ್ತಿರುತ್ತಾರೆ. ಅದನ್ನು ಕೇಳಲು ಆನೆಯನ್ನೇ ಕರೆಸಬೇಕು.

ಆಕ್ಟೇವ್‌ನ ಮನೆ ಇರುವುದು ಕತ್ತಿನ ಮೇಲ್ಭಾಗದಲ್ಲಿ. ಎ ತಂತಿಯ 7ನೇ ಫ್ರೆಟ್ ಒತ್ತಿದರೆ 82 ಹರ್ಟ್ಜ್‌ನ ಇ ಸಿಗುತ್ತದೆ. ಅದಕ್ಕೆ ಪೆಡಲ್ ಸೇರಿಸುವುದು 41, ಅಂದರೆ ನಿಮ್ಮ ಬಿಟ್ಟ ಇ ತಂತಿಯ ಸ್ವರವೇ. ಡಿ ತಂತಿಯ 7ನೇ ಫ್ರೆಟ್‌ನಲ್ಲಿ 110, ಕೆಳಗೆ 55. ಎರಡೂ ಸ್ವರ ಕೇಳುತ್ತವೆ, ಪೆಡಲ್ ತಡವರಿಸುವುದಿಲ್ಲ, ಸಬ್‌ಗಳೂ ಬದುಕುತ್ತವೆ. 1983ರಲ್ಲಿ ಪಾಲ್ ಯಂಗ್‌ನ 'ವೇರೆವರ್ ಐ ಲೇ ಮೈ ಹ್ಯಾಟ್' ಹಾಡಿನಲ್ಲಿ ಪೀನೊ ಪಲ್ಲಡೀನೊ ಫ್ರೆಟ್‌ಲೆಸ್ ಬೇಸ್‌ಗೆ ಓಸಿ-2 ಸೇರಿಸಿ ನುಡಿಸಿದ್ದನ್ನು ಕೇಳಿ. ಬೇಸ್ ಮೇಲಕ್ಕೆ ಹತ್ತಿ ಹಾಡುತ್ತಿದೆ, ಆದರೂ ನೆಲ ಬಿಟ್ಟಿಲ್ಲ.

ಈ ಕಾರಣಕ್ಕೇ ಆಕ್ಟೇವ್‌ಗೆ ಜಾಗ ಬೇಕು ಎನ್ನುವುದು. ಅದು ನುಡಿಯುವ 40ರಿಂದ 60 ಹರ್ಟ್ಜ್‌ನ ಪಟ್ಟಿಯಲ್ಲಿ ಬೇರೆ ಯಾರೂ ತಳವೂರಿರಬಾರದು. ಜಗತ್ತಿನಲ್ಲಿ ಈ ಜಾತಿಯ ಪೆಡಲನ್ನು ಯಾರು ನೆಚ್ಚಿಕೊಂಡಿದ್ದಾರೆ ನೋಡಿ. 2003ರ 'ಸೆವೆನ್ ನೇಷನ್ ಆರ್ಮಿ' ಹಾಡಿನ ಮೊದಲಿಗೆ ಬರುವ, ಫುಟ್‌ಬಾಲ್ ಮೈದಾನಗಳಲ್ಲಿ ಜನ ಗುನುಗುವ ಆ ಸಾಲು ಬೇಸ್ ಗಿಟಾರಿನದು ಎಂದು ನಿಮ್ಮಲ್ಲಿ ಬಹಳ ಮಂದಿ ನಂಬಿಕೊಂಡಿದ್ದೀರಿ. ಅದು ಜ್ಯಾಕ್ ವೈಟ್‌ನ ಮಾಮೂಲಿ ಗಿಟಾರು. ಡಿಜಿಟೆಕ್ ವ್ಯಾಮಿ ಪೆಡಲಿನಿಂದ ಒಂದು ಸ್ಥಾಯಿ ಕೆಳಗಿಳಿಸಿದ್ದು. ದಿ ವೈಟ್ ಸ್ಟ್ರೈಪ್ಸ್‌ನಲ್ಲಿ ಇದ್ದವರು ಇಬ್ಬರೇ, ಗಿಟಾರು ಮತ್ತು ಡ್ರಮ್ಸ್. ಬೇಸ್ ನುಡಿಸುವವರೇ ಇರಲಿಲ್ಲ. ಇಂಗ್ಲೆಂಡಿನ ರಾಯಲ್ ಬ್ಲಡ್ ಇದರ ತಿರುವುಮುರುವು: ಬೇಸ್ ಮತ್ತು ಡ್ರಮ್ಸ್, ಗಿಟಾರೇ ಇಲ್ಲ. ಮೈಕ್ ಕೆರ್ ತನ್ನ ಬೇಸನ್ನು ಪೆಡಲಿನಿಂದ ಒಂದು ಸ್ಥಾಯಿ ಮೇಲೇರಿಸಿ ಗಿಟಾರ್ ಆಂಪ್‌ಗೂ ಕಳಿಸಿ ಇಬ್ಬರ ಕೆಲಸ ಮಾಡುತ್ತಾನೆ. ಎರಡು ತಂಡಕ್ಕೂ ಖಾಲಿ ಜಾಗವಿತ್ತು, ತುಂಬಿಕೊಂಡರು. ನಿಮ್ಮದೂ ಮೂರು ಜನರ ತಂಡವಾಗಿದ್ದರೆ ಗಿಟಾರಿನವನು ಸೋಲೊಗೆ ಹೋದಾಗ ಹಾಡಿನ ಹೊಟ್ಟೆ ಒಳಗೆಳೆದುಕೊಳ್ಳುವುದು ನಿಮಗೇ ಗೊತ್ತಿದೆ. ಆಗ ಆಕ್ಟೇವ್ ಒತ್ತಿ 7ನೇ ಫ್ರೆಟ್‌ಗೆ ಹೋಗಿ. ಯಾರೂ ಜಾಗ ಬಿಟ್ಟು ಹೋದಂತೆ ಅನ್ನಿಸುವುದಿಲ್ಲ.

ಆರ್ಕೆಸ್ಟ್ರಾದ ಕಥೆ ಬೇರೆ. ನಮ್ಮ ಕೀಬೋರ್ಡ್‌ನವರು ಅನೇಕರು ಒಂಟಿಯಾಗಿ ನುಡಿಸಿ ಪಳಗಿದವರು. ಎಡಗೈಯಲ್ಲಿ ಬೇಸ್ ಇಟ್ಟುಕೊಂಡೇ ಬೆಳೆದವರಿಗೆ ಪಕ್ಕದಲ್ಲಿ ಬೇಸ್ ಗಿಟಾರ್ ಬಂದು ನಿಂತ ಮಾತ್ರಕ್ಕೆ ಆ ಕೈ ನಿಲ್ಲುವುದಿಲ್ಲ. ಜೊತೆಗೆ ಆಕ್ಟೋಪ್ಯಾಡ್‌ನ ಕಿಕ್, ಡೋಲಕ್‌ನ ಎಡಬದಿ. ಈ ಗುಂಪಿಗೆ ನೀವು ಇನ್ನೊಂದು ಸ್ಥಾಯಿ ಕೆಳಗಿನ ಸದ್ದನ್ನು ಸುರಿದರೆ ಆಗುವುದು ಕೆಸರು. ಸೌಂಡ್‌ನವರು ಮೊದಲು ಇಳಿಸುವುದು ನಿಮ್ಮ ಫೇಡರನ್ನೇ, ಅದರಲ್ಲಿ ಅವರ ತಪ್ಪೂ ಇಲ್ಲ. ಇಲ್ಲಿ ನಿಮಗೆ ಬೇಕಾದದ್ದು ಕೆಳಗಿನ ಸದ್ದಲ್ಲ, ಮೇಲಿನದು: 300ರಿಂದ 1,000 ಹರ್ಟ್ಜ್‌ವರೆಗಿನ ಪಟ್ಟಿಯಲ್ಲಿ, ಸಣ್ಣ ಸ್ಪೀಕರಿನಲ್ಲೂ ಕೇಳುವಂತೆ, "ಇದು ಬೇಸ್, ಕೀಬೋರ್ಡ್ ಅಲ್ಲ" ಎಂದು ಸಾರುವ ಒಂದು ದನಿ. ಎನ್ವಲಪ್ ಫಿಲ್ಟರ್ ಕೊಡುವುದು ಅದನ್ನು.

ಫಿಲ್ಟರ್ ಸ್ವರವನ್ನು ಮುಟ್ಟುವುದಿಲ್ಲ. ಅದು ನೋಡುವುದು ನೀವು ಎಷ್ಟು ಜೋರಾಗಿ ಮೀಟಿದಿರಿ ಎಂಬುದನ್ನು. ಮೀಟಿದ ಕ್ಷಣದ ಏರು, ಆಮೇಲಿನ ಇಳಿತ, ಈ ಆಕಾರವನ್ನು ಒಂದು ವೋಲ್ಟೇಜ್ ಆಗಿ ಮಾರ್ಪಡಿಸಿ, ಆ ವೋಲ್ಟೇಜಿನಿಂದ ಒಂದು ಫಿಲ್ಟರಿನ ಬಾಗಿಲನ್ನು ತೆರೆದು ಮುಚ್ಚುತ್ತದೆ. ಬಾಯಿಂದ ಒಂದೇ ಶ್ರುತಿ ಹಿಡಿದು "ಉ"ದಿಂದ "ಆ"ಗೆ ಹೋಗಿ ನೋಡಿ. ಸ್ವರ ಅಲ್ಲೇ ಇದೆ, ಬಣ್ಣ ಬದಲಾಯಿತು. ಫಿಲ್ಟರ್ ನಿಮ್ಮ ಬೇಸ್‌ಗೆ ಕೊಡುವುದು ಅಂಥದೊಂದು ಬಾಯಿ. ಮೆಲ್ಲಗೆ ಮೀಟಿದರೆ ಅರೆ ತೆರೆಯುತ್ತದೆ, ಬಿಗಿದು ಮೀಟಿದರೆ ಪೂರ್ತಿ.

ಈ ಜಾತಿಯ ಮೂಲಪುರುಷ ಮ್ಯೂ-ಟ್ರಾನ್ 3. 1972ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಮ್ಯುಸಿಟ್ರಾನಿಕ್ಸ್ ಕಂಪನಿಯಿಂದ ಬಂದದ್ದು, ವಿನ್ಯಾಸ ಮೈಕ್ ಬೈಗೆಲ್ ಅವರದು. ಒಳಗೆ ಒಂದು ಪುಟ್ಟ ಬೆಳಕು, ಅದರ ಎದುರಿಗೆ ಬೆಳಕು ಬಿದ್ದಂತೆ ಬದಲಾಗುವ ಒಂದು ರೆಸಿಸ್ಟರ್. ನೀವು ಮೀಟಿದಂತೆ ಬೆಳಕು ಏರಿಳಿದು ಫಿಲ್ಟರನ್ನು ಎಳೆದಾಡುತ್ತದೆ. 1973ರ 'ಹೈಯರ್ ಗ್ರೌಂಡ್' ಹಾಡಿನಲ್ಲಿ ಸ್ಟೀವಿ ವಂಡರ್ ತಮ್ಮ ಕ್ಲಾವಿನೆಟ್ಟನ್ನು ಇದರ ಮೂಲಕ ನುಡಿಸಿದರು. ಬೇಸ್‌ಗೆ ಇದನ್ನು ತಂದು ಅಂಟಿಸಿದ ಹೆಸರು ಬೂಟ್ಸಿ ಕಾಲಿನ್ಸ್. ಅವರು ನುಡಿಸುತ್ತಿದ್ದ ಪಾರ್ಲಮೆಂಟ್-ಫಂಕಡೆಲಿಕ್ ತಂಡದ ವೇದಿಕೆಯನ್ನು ನೆನಪಿಸಿಕೊಳ್ಳಿ: ಗಿಟಾರುಗಳು, ಕೊಂಬುಗಳು, ಹಾಡುವವರ ಹಿಂಡು, ಜೊತೆಗೆ ಬರ್ನಿ ವೊರೆಲ್‌ನ ಕೀಬೋರ್ಡುಗಳು. ನಮ್ಮ ಯಾವ ಆರ್ಕೆಸ್ಟ್ರಾಗೂ ಕಡಿಮೆ ಇಲ್ಲದ ಜಾತ್ರೆ. ಅಷ್ಟು ಜನರ ನಡುವೆ ಬೇಸ್ ಕೇಳಿಸಿದ್ದು ಆಳದಿಂದಲ್ಲ, ಅದು ಮಾತಾಡುತ್ತಿದ್ದುದರಿಂದ.

ಕೀಬೋರ್ಡಿನ ಎಡಗೈ ಎಷ್ಟು ದೂರ ಹೋಗಬಲ್ಲದು ಎನ್ನುವುದಕ್ಕೂ ಅದೇ ತಂಡ ಸಾಕ್ಷಿ. 1977ರ ಆಲ್ಬಮಿನಲ್ಲಿರುವ 'ಫ್ಲ್ಯಾಶ್ ಲೈಟ್' ಹಾಡಿನ ಬೇಸ್ ಸಾಲು ಗಿಟಾರಿನದೇ ಅಲ್ಲ, ವೊರೆಲ್ ಮಿನಿಮೂಗ್ ಸಿಂಥಸೈಸರಿನಲ್ಲಿ ನುಡಿಸಿದ್ದು. ನಮ್ಮಲ್ಲೂ 1980ರ ದಶಕದ ಕೊನೆಯ ಸಿನಿಮಾ ಹಾಡುಗಳಲ್ಲಿ ಕೀಬೋರ್ಡಿನ ಬೇಸ್ ಹೇಗೆ ಬಂದು ಕೂತಿತು ಎಂದು ರಸಮಂಜರಿ ನುಡಿಸುವ ನಿಮಗೆ ಹೇಳಬೇಕಾಗಿಲ್ಲ. ಆ ಹಾಡುಗಳನ್ನು ಬೇಸ್ ಗಿಟಾರಿನಲ್ಲಿ ನುಡಿಸಲು ಎರಡು ಪೆಡಲೂ ಬೇಕೆನ್ನುವ ಆಸೆ ಹುಟ್ಟುವುದೂ ಇಲ್ಲೇ. ಮಿನಿಮೂಗ್ ಒಳಗೆ ಮೂರು ಆಸಿಲೇಟರ್‌ಗಳಿವೆ, ಒಂದನ್ನು ಕೆಳಗಿನ ಸ್ಥಾಯಿಗೆ ಇಡಬಹುದು. ಅವೆಲ್ಲ ಹೋಗಿ ಒಂದು ಫಿಲ್ಟರಿಗೆ ಬೀಳುತ್ತವೆ. ಮೊದಲು ಆಕ್ಟೇವ್, ಆಮೇಲೆ ಫಿಲ್ಟರ್ ಎಂದು ಜೋಡಿಸಿದರೆ ನೀವು ಕಟ್ಟಿದ್ದು ಹೆಚ್ಚುಕಡಿಮೆ ಅದನ್ನೇ. ಸಾಲು ಹಿಂದುಮುಂದು ಮಾಡಬೇಡಿ. ಫಿಲ್ಟರಿನಿಂದ ಬಣ್ಣ ಬದಲಾಗುತ್ತಾ ಬರುವ ಸದ್ದನ್ನು ಎಣಿಸುವುದು ಆಕ್ಟೇವ್‌ಗೆ ಕಷ್ಟ. ಆಕ್ಟೇವ್‌ನ ಚೌಕಾಕಾರದ ಒರಟು ಅಲೆ ಫಿಲ್ಟರಿಗೆ ಹಬ್ಬದೂಟ.

ಒಂದು ವ್ಯತ್ಯಾಸ ಮಾತ್ರ ಉಳಿಯುತ್ತದೆ. ಮಿನಿಮೂಗ್‌ನ ಮಣೆಗೆ ಒತ್ತಿದ ಬಲ ಗೊತ್ತಾಗುವುದಿಲ್ಲ. ಹೇಗೆ ಒತ್ತಿದರೂ ಅದರ ಫಿಲ್ಟರ್ ಒಂದೇ ರೀತಿ ತೆರೆಯುತ್ತದೆ. ನಿಮ್ಮದು ಹಾಗಲ್ಲ, ಪ್ರತಿ ಸಲವೂ ನಿಮ್ಮ ಬೆರಳು ತೀರ್ಮಾನಿಸಬೇಕು. ತೋರುಬೆರಳು ಜೋರು, ಮಧ್ಯದ ಬೆರಳು ಮೆತ್ತಗೆ ಇರುವವರಿಗೆ ಫಿಲ್ಟರ್ ಆ ವಿಷಯವನ್ನು ಇಡೀ ಪೆಂಡಾಲಿಗೆ ತಿಳಿಸುತ್ತದೆ: ಒಂದು ಸ್ವರ ವಾವ್, ಮುಂದಿನದು ಮಂಕು. ಆಕ್ಟೇವ್ ನಿಮ್ಮ ಎಡಗೈಯ ಅಶಿಸ್ತನ್ನು ಹೊರಗೆಳೆದರೆ ಫಿಲ್ಟರ್ ಬಲಗೈಯದನ್ನು ಎಳೆಯುತ್ತದೆ. ಯಾವ ಕೈ ದುರ್ಬಲವೋ ಅದಕ್ಕೆ ತಕ್ಕ ಪೆಡಲ್ ಕೊಂಡು ಅಭ್ಯಾಸ ಮಾಡಿ ಎನ್ನುವ ಗುರುಗಳಿದ್ದಾರೆ. ನನಗೆ ಆ ವಾದ ಒಪ್ಪಿಗೆಯಿಲ್ಲ. ಕೈ ತಿದ್ದಲು ಮೆಟ್ರೊನೋಮ್ ಸಾಕು, ಅದು ಫೋನಿನಲ್ಲಿ ಪುಕ್ಕಟೆ ಸಿಗುತ್ತದೆ.

ಎಲ್ಲ ಹಾಡಿಗೂ ಎರಡೂ ಒಗ್ಗುವುದಿಲ್ಲ. ಇಳಯರಾಜಾ ಸಂಗೀತದ 1981ರ 'ಗೀತಾ' ಚಿತ್ರದ ಹಾಡುಗಳನ್ನು ತೆಗೆದುಕೊಳ್ಳಿ. ಅಲ್ಲಿ ಬೇಸ್ ಬರೀ ಷಡ್ಜ-ಪಂಚಮ ಕುಟ್ಟಿಕೊಂಡು ಕೂತಿಲ್ಲ, ಹಾಡುವವರ ಬದಿಯಲ್ಲೇ ತನ್ನದೇ ಇನ್ನೊಂದು ಹಾಡು ಹೇಳುತ್ತಿದೆ. ಅಂಥ ಸಾಲಿನ ಒಂದೊಂದು ಸ್ವರಕ್ಕೂ "ವಾವ್ ವಾವ್" ಅಂಟಿಸಿದರೆ ರಾಗವೇ ಕೇಳಿಸದು. ಆಕ್ಟೇವ್ ಹಾಕಿದರೆ ಓಟದ ಸ್ವರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಲ್ಲಿ ಎರಡನ್ನೂ ಆಫ್ ಮಾಡಿ ಬರೀ ಬೇಸ್ ನುಡಿಸಿ. ಫಿಲ್ಟರ್ ಕೆಲಸ ಮಾಡುವುದು ಸ್ವರಗಳ ನಡುವೆ ಖಾಲಿ ಬಿಟ್ಟ, ತಾಳಕ್ಕೆ ಕಚ್ಚಿಕೊಂಡ ಸಾಲುಗಳಲ್ಲಿ. ನಿಮ್ಮ ಪಟ್ಟಿಯಲ್ಲಿ ಡಾನ್ಸ್ ನಂಬರುಗಳು ಹೆಚ್ಚಿದ್ದರೆ ಅದು ದುಡ್ಡು ದುಡಿಯುತ್ತದೆ. ನಿಧಾನದ, ಉದ್ದ ಸ್ವರಗಳ ಹಾಡುಗಳು ಹೆಚ್ಚಿದ್ದರೆ ಆಕ್ಟೇವ್.

ನನ್ನ ಮೊದಲ ಮಾತಿಗೆ ನಾನೇ ಒಂದು ತಕರಾರು ಎತ್ತಬೇಕು. ಫಿಲ್ಟರಿಗೆ ಸೌಂಡ್ ಚೆಕ್ ಬೇಕು. ಅದರ ಸೆನ್ಸಿಟಿವಿಟಿ ನಾಬ್ ಮನೆಯಲ್ಲಿ ಸರಿಯಿದ್ದದ್ದು ವೇದಿಕೆಯಲ್ಲಿ ಸರಿಯಿರುವುದಿಲ್ಲ, ಏಕೆಂದರೆ ವೇದಿಕೆಯಲ್ಲಿ ಎಲ್ಲರೂ ಬಿಗಿದು ಮೀಟುತ್ತಾರೆ. ಮನೆಯಲ್ಲಿ ನಯವಾಗಿ ತೆರೆಯುತ್ತಿದ್ದ ಫಿಲ್ಟರ್ ಅಲ್ಲಿ ಮೊದಲ ಹೊಡೆತಕ್ಕೇ ಪೂರ್ತಿ ತೆರೆದು ಹಾಗೇ ನಿಂತುಬಿಡುತ್ತದೆ. ಗಿಟಾರಿನಲ್ಲಿ ಬ್ಯಾಟರಿಯಿರುವ ಆಕ್ಟಿವ್ ಸರ್ಕ್ಯೂಟ್ ಇದ್ದರೆ ಇನ್ನೂ ಬೇಗ. ರೆಸೊನೆನ್ಸ್ ಹೆಚ್ಚಿಟ್ಟಿದ್ದರೆ ಒಂದೊಂದು ಸ್ವರ ಉಳಿದವುಗಳ ತಲೆ ಮೇಲೆ ಹಾರುತ್ತದೆ. ಇನ್ನು ನಮ್ಮ ಕಾರ್ಯಕ್ರಮಗಳಲ್ಲಿ ಸೌಂಡ್ ಚೆಕ್‌ಗೆ ಸಮಯ ಎಲ್ಲಿದೆ? 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಸಾಮಾನ್ಯವಾಗಿ ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಬೇಕು. ಸನ್ಮಾನ, ಶಾಲು, ಮುಖ್ಯ ಅತಿಥಿಗಳ ಎರಡು ಮಾತು ಮುಗಿಯುವುದೇ ಎಂಟೂವರೆಗೆ. ಜಾಕ್ ಚುಚ್ಚಿದ ಕೂಡಲೇ ಮೊದಲ ಹಾಡು. ಆಕ್ಟೇವ್‌ಗೆ ಈ ತಾಪತ್ರಯವಿಲ್ಲ. ಮನೆಯಲ್ಲಿ ತಿರುಗಿಸಿದ ನಾಬ್‌ಗಳಿಗೆ ಟೇಪ್ ಅಂಟಿಸಿಕೊಂಡು ಬಂದರೆ ಎಲ್ಲ ಊರಿನಲ್ಲೂ ಹೆಚ್ಚುಕಡಿಮೆ ಅದೇ ಸದ್ದು.

ಆದರೂ ಕೀಬೋರ್ಡ್ ಇರುವ ತಂಡಕ್ಕೆ ಫಿಲ್ಟರ್ ಎನ್ನುವ ಮಾತನ್ನು ಹಿಂದೆಗೆದುಕೊಳ್ಳುವುದಿಲ್ಲ. ಮನೆಯಲ್ಲಿ ಸೆಟ್ ಮಾಡುವಾಗ ವೇದಿಕೆಯ ಜೋರಿನಲ್ಲೇ ಮೀಟಿ, ಕೊನೆಯ ಹಾಡಿನ ಹುರುಪಿನಲ್ಲಿ. ಆ ಜೋರಿಗೆ ಫಿಲ್ಟರ್ ಮುಕ್ಕಾಲು ಭಾಗ ತೆರೆಯುವ ಹಾಗೆ ಸೆನ್ಸಿಟಿವಿಟಿ ಇಡಿ. ಲೋ-ಪಾಸ್ ಇರುವ ಪೆಡಲೇ ಇರಲಿ. ಬರೀ ಬ್ಯಾಂಡ್-ಪಾಸ್ ಆದರೆ ಕೆಳಗಿನ ಸದ್ದನ್ನು ತಿಂದುಬಿಡುತ್ತದೆ, ಆಗ ನಿಮ್ಮ ಸ್ವಂತ ಸದ್ದನ್ನು ಬೆರೆಸಲು ಬ್ಲೆಂಡ್ ನಾಬ್ ಬೇಕೇ ಬೇಕು. ಕಂಪ್ರೆಸರ್ ಇದ್ದವರು ಅದನ್ನು ಫಿಲ್ಟರಿನ ನಂತರ ಇಡಿ. ಮೊದಲೇ ಇಟ್ಟರೆ ಏರಿಳಿತವೆಲ್ಲ ಸಪಾಟಾಗಿ ಫಿಲ್ಟರಿಗೆ ನೋಡಲು ಏನೂ ಉಳಿಯುವುದಿಲ್ಲ. ತಂತಿಗಳು ಹೊಸದಿರಲಿ. ಹಳೆಯ ತಂತಿಯಲ್ಲಿ ಮೇಲಿನ ಹಾರ್ಮೊನಿಕ್ಸ್ ಸತ್ತಿರುತ್ತವೆ, ಬಾಗಿಲು ತೆರೆದರೂ ಒಳಗಿಂದ ಬರಲು ಯಾರೂ ಇಲ್ಲ.

ಯಾವುದನ್ನು ಕೊಂಡರೂ ಒಂದೆರಡು ಸಣ್ಣ ಸಂಗತಿ. ಡಿಐ ಬಾಕ್ಸ್ ಪೆಡಲಿನ ನಂತರ ಇದೆಯೇ ಎಂದು ಕಣ್ಣಾರೆ ನೋಡಿಕೊಳ್ಳಿ. ಗಿಟಾರಿನಿಂದ ನೇರ ಡಿಐಗೆ, ಅಲ್ಲಿಂದ ಪೆಡಲಿಗೆ ಎಳೆದಿದ್ದರೆ ನಿಮ್ಮ ಕಸರತ್ತೆಲ್ಲ ನಿಮ್ಮ ಆಂಪಿನಲ್ಲಿ ಮಾತ್ರ, ಜನರಿಗೆ ಬರೀ ಬೋಳು ಬೇಸ್. ಅಡಾಪ್ಟರ್ 9 ವೋಲ್ಟ್ ಎಂದು ಬರೆದಿದ್ದರೆ ಸಾಲದು. ಬಹುಪಾಲು ಪೆಡಲ್‌ಗಳಿಗೆ ಪಿನ್ನಿನ ನಡುಭಾಗ ನೆಗೆಟಿವ್ ಆಗಿರಬೇಕು, ಮನೆಯ ಬೇರೆ ಸಾಮಾನುಗಳ ಅಡಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ಅದು ಪಾಸಿಟಿವ್. ತಪ್ಪಾಗಿ ಚುಚ್ಚಿದರೆ ಪೆಡಲ್ ಸುಟ್ಟು ಹೋಗಬಹುದು. ಹಳೆಯ ಅನಲಾಗ್ ಆಕ್ಟೇವ್‌ಗಳು ಕರೆಂಟ್ ಅಷ್ಟೇನೂ ಕುಡಿಯುವುದಿಲ್ಲ, ಬ್ಯಾಟರಿಯಲ್ಲೇ ರಾತ್ರಿ ಕಳೆಯುತ್ತವೆ. ಜನರೇಟರಿನ ಗುಂಯ್ ಸದ್ದಿನಿಂದಲೂ ಬಿಡುಗಡೆ.

ನಿಮ್ಮ ತಂಡ ಇನ್ನೂ ಹೊಯ್ದಾಡುತ್ತಿದ್ದರೆ, ಕೀಬೋರ್ಡ್‌ನವರು ಒಂದು ತಿಂಗಳು ಇದ್ದು ಒಂದು ತಿಂಗಳು ಇಲ್ಲದಿದ್ದರೆ, ಎರಡನ್ನೂ ಬಿಟ್ಟು ಝೂಮ್‌ನ ಬಿ1 ಸರಣಿಯಂಥ ಮಲ್ಟಿ-ಎಫೆಕ್ಟ್ಸ್ ಒಂದನ್ನು ತಗೊಳ್ಳಿ. ಅದರಲ್ಲಿ ಆಕ್ಟೇವ್ ಇದೆ, ಆಟೊ ವಾ ಎಂಬ ಹೆಸರಿನಲ್ಲಿ ಫಿಲ್ಟರೂ ಇದೆ. ಬಿಡಿ ಪೆಡಲಿನಷ್ಟು ದಪ್ಪನೆಯ ಸದ್ದು ಬರದೇ ಇರಬಹುದು. ಆದರೆ ಕೆಲವು ತಿಂಗಳಲ್ಲಿ ಯಾವುದರ ಮೇಲೆ ಕಾಲು ಹೆಚ್ಚು ಹೋಯಿತು ಎನ್ನುವುದು ಗೊತ್ತಾಗುತ್ತದೆ, ಆಗ ಅದರ ಬಿಡಿ ಪೆಡಲ್ ಕೊಳ್ಳಬಹುದು.

ಅಂಗಡಿಗೆ ಹೋಗುವಾಗ ನಿಮ್ಮದೇ ಗಿಟಾರ್ ತೆಗೆದುಕೊಂಡು ಹೋಗಿ. ಅಲ್ಲಿ ಗೋಡೆಯ ಮೇಲಿರುವ ದುಬಾರಿ ಬೇಸ್‌ನಲ್ಲಿ ಯಾವ ಪೆಡಲೂ ಚೆಂದವೇ. ಆಕ್ಟೇವ್ ಆದರೆ ಇ ತಂತಿಯ 5ನೇ ಫ್ರೆಟ್‌ನಿಂದ ಮೇಲಕ್ಕೆ ಒಂದೊಂದೇ ಸ್ವರ ನುಡಿಸುತ್ತಾ ಎಲ್ಲಿಂದ ತಡವರಿಕೆ ನಿಲ್ಲುತ್ತದೆ ಎಂದು ಗುರುತು ಮಾಡಿಕೊಳ್ಳಿ. ಫಿಲ್ಟರ್ ಆದರೆ ಒಂದೇ ಸ್ವರವನ್ನು ಮೆಲ್ಲಗೆ, ಮಧ್ಯಮ, ಜೋರಾಗಿ ಮೀಟಿ ಮೂರಕ್ಕೂ ಮೂರು ಬೇರೆ ಸದ್ದು ಬರುತ್ತದೆಯೇ ಕೇಳಿ. ಸಾಧ್ಯವಾದರೆ ನಿಮ್ಮ ಕೀಬೋರ್ಡ್‌ನವರನ್ನೂ ಒಂದು ಕಾಫಿ ಕುಡಿಸುತ್ತೇನೆ ಎಂದು ಪುಸಲಾಯಿಸಿ ಕರೆದುಕೊಂಡು ಹೋಗಿ, ಅಲ್ಲಿರುವ ಯಾವುದಾದರೂ ಕೀಬೋರ್ಡಿನ ಮುಂದೆ ಕೂರಿಸಿ. ಅವರ ಎಡಗೈ ಏನು ಮಾಡುತ್ತದೆ ನೋಡಿಕೊಂಡು ದುಡ್ಡು ತೆಗೆಯಿರಿ.

ಇತಿ ನಿಮ್ಮ,
ರಸಮಂಜರಿಗಳ ಹಿಂದಿನ ಸಾಲಿನಲ್ಲಿ ನಿಂತು ನುಡಿಸಿದ ಒಬ್ಬ ಹಳೆಯ ಬೇಸ್ ವಾದಕ